ಹೆಸರು ಬರೆಯುವ ಕೈ ಎಲ್ಲಿ ಪಳಗಿತು

ಅಟ್ಲಾಂಟಾ ನಗರದ ಔಷಧ ತಯಾರಕ ಜಾನ್ ಪೆಂಬರ್ಟನ್ 1886ರಲ್ಲಿ ಹೊಸ ಪಾನೀಯವೊಂದನ್ನು ಮಾರಾಟಕ್ಕೆ ತಂದಾಗ ಅದಕ್ಕೆ ಕೋಕಾ-ಕೋಲಾ ಎಂದು ಹೆಸರಿಟ್ಟವನು ಫ್ರ್ಯಾಂಕ್ ರಾಬಿನ್ಸನ್. ಅವನು ಪೆಂಬರ್ಟನ್ನನ ಪಾಲುದಾರ, ಅಂಗಡಿಯ ಲೆಕ್ಕ ಬರೆಯುವವನೂ ಅವನೇ. ಜಾಹೀರಾತಿನಲ್ಲಿ ಎರಡು ದೊಡ್ಡ ‘ಸಿ’ಗಳು ಚೆನ್ನಾಗಿ ಕಾಣುತ್ತವೆ ಎಂಬುದು ಅವನ ಎಣಿಕೆಯಾಗಿತ್ತು. ಮರುವರ್ಷ ಪತ್ರಿಕೆಯ ಜಾಹೀರಾತಿನಲ್ಲಿ ಆ ಹೆಸರು ಬಲಕ್ಕೆ ಬಾಗಿದ, ಒಂದಕ್ಕೊಂದು ಕೂಡಿಕೊಂಡ ಅಕ್ಷರಗಳಲ್ಲಿ ಕಾಣಿಸಿಕೊಂಡಿತು. ನಡುನಡುವೆ ಸಣ್ಣಪುಟ್ಟ ತಿದ್ದುಪಡಿಗಳಾದರೂ ಇಂದಿಗೂ ಆ ಹೆಸರು ಅದೇ ಬಾಗು, ಅದೇ ಬಳುಕಿನಲ್ಲಿ ಉಳಿದಿದೆ. ಇದನ್ನು ಹೇಳುವವರು ಬಹುತೇಕ ಒಂದು ಅದೃಷ್ಟದ ಕಥೆಯನ್ನಾಗಿ ಹೇಳುತ್ತಾರೆ: ಚಿತ್ರಕಲೆಯ ಗಂಧಗಾಳಿಯಿಲ್ಲದ ಗುಮಾಸ್ತನೊಬ್ಬ ಜಗತ್ತಿನ ಅತಿ ಪರಿಚಿತ ಲೋಗೊ ಬರೆದುಬಿಟ್ಟ ಎಂದು. ಆದರೆ ಆ ಕಾಲದ ಅಮೆರಿಕದಲ್ಲಿ ಲೆಕ್ಕ ಬರೆಯುವವನಿಗೆ ಕೂಡುವ-ಕಳೆಯುವ ಲೆಕ್ಕದಷ್ಟೇ ಮುಖ್ಯವಾಗಿ ಕಲಿಸುತ್ತಿದ್ದದ್ದು ಅಕ್ಷರ. ರಾಬಿನ್ಸನ್ ಬರೆದದ್ದು ತನ್ನ ಕಸುಬಿನ ನಿತ್ಯದ ಲಿಪಿಯಲ್ಲಿ. ಒಂದು ಸಂಸ್ಥೆಗೆಂದೇ ಅದರ ಹೆಸರನ್ನು ಬರೆದುಕೊಡುವ ವಿದ್ಯೆ, ಅಂದರೆ ಲೋಗೊಟೈಪ್ ರಚನೆ, ತನ್ನದೇ ಶಾಲೆಯಲ್ಲಿ ಹುಟ್ಟಿ ಬೆಳೆದದ್ದಲ್ಲ. ಲೆಕ್ಕದ ಪುಸ್ತಕ, ಬೋರ್ಡ್ ಬರೆಯುವ ಅಂಗಡಿ, ಜಾಹೀರಾತು ಕಚೇರಿಯ ಮೇಜು, ಹೀಗೆ ಪಕ್ಕದ ಕಸುಬುಗಳಲ್ಲಿ ಪಳಗಿದ ಕೈಗಳು ಅದನ್ನು ಕಟ್ಟಿದವು. ಆ ಕಸುಬುಗಳು ಕ್ಷೀಣಿಸಿದಾಗ ಈ ವಿದ್ಯೆಯೂ ಸೊರಗಿತು. ಇದು ನನ್ನ ವಾದ.

ರಾಬಿನ್ಸನ್ ಬಳಸಿದ ಲಿಪಿಯ ಹಿಂದೆ ಇದ್ದವನು ಪ್ಲಾಟ್ ರೋಜರ್ಸ್ ಸ್ಪೆನ್ಸರ್. 1800ರಲ್ಲಿ ಹುಟ್ಟಿ ಒಹಾಯೊ ಸೀಮೆಯಲ್ಲಿ ಬೆಳೆದ ಈ ಮೇಷ್ಟ್ರು ವ್ಯಾಪಾರದ ಬರವಣಿಗೆಗೆ ಒಂದು ಕ್ರಮ ಹಾಕಿಕೊಟ್ಟ. ಅವನು 1864ರಲ್ಲಿ ತೀರಿಕೊಂಡ ಮೇಲೆ ಮಕ್ಕಳು ಮತ್ತು ಶಿಷ್ಯರು ಅದನ್ನು ಕಾಪಿ ಪುಸ್ತಕಗಳ ಮೂಲಕ, ಬ್ರಯಂಟ್ ಮತ್ತು ಸ್ಟ್ರಾಟನ್ ಹೆಸರಿನ ವಾಣಿಜ್ಯ ಶಾಲೆಗಳ ಮೂಲಕ ದೇಶದುದ್ದಕ್ಕೂ ಹರಡಿದರು. ಆ ಕ್ರಮ ಎಷ್ಟು ಕರಾರುವಾಕ್ಕಾಗಿತ್ತು ಎಂಬುದನ್ನು ನೋಡಬೇಕು. ಅಕ್ಷರಮಾಲೆಯನ್ನು ಅದು ಏಳು ಮೂಲರೇಖೆಗಳಿಗೆ ಇಳಿಸಿತ್ತು: ಒಂದು ನೇರ ಗೆರೆ, ಬಲಕ್ಕೂ ಎಡಕ್ಕೂ ಬಾಗುವ ಎರಡು ವಕ್ರರೇಖೆ, ಉದ್ದನೆಯ ಕುಣಿಕೆ, ನೇರ ಅಂಡಾಕಾರ, ತಿರುಗಿಸಿದ ಅಂಡಾಕಾರ, ದೊಡ್ಡಕ್ಷರದ ಕಾಂಡ. ಅಕ್ಷರದ ಮುಖ್ಯ ಓರೆ 52 ಡಿಗ್ರಿ, ಒಂದಕ್ಷರದಿಂದ ಮತ್ತೊಂದಕ್ಕೆ ಕೊಂಡಿ ಹಾಕುವ ಗೆರೆಯ ಓರೆ 30 ಡಿಗ್ರಿ. ಲೋಹದ ಮೊನಚು ನಿಬ್ಬನ್ನು ಒತ್ತಿದಲ್ಲಿ ಗೆರೆ ದಪ್ಪವಾಗಬೇಕು, ಸಡಿಲಿಸಿದಲ್ಲಿ ಕೂದಲೆಳೆಯಾಗಬೇಕು. ಹುಡುಗರು ಎಣಿಕೆಯ ತಾಳಕ್ಕೆ ಸರಿಯಾಗಿ ಇದನ್ನು ಪುಟಗಟ್ಟಲೆ ತಿದ್ದುತ್ತಿದ್ದರು. ಇಂಥ ಅಭ್ಯಾಸದ ಬಳಿಕ ‘ಸಿ’ ಬರೆಯುವುದು ಯೋಚಿಸಿ ಮಾಡುವ ಕೆಲಸವಾಗಿ ಉಳಿಯುವುದಿಲ್ಲ. ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಮಣಿಕಟ್ಟೇ ಬಲ್ಲದು. ಯೋಚನೆಗೆ ಉಳಿಯುವುದು ಇನ್ನೊಂದು ಪ್ರಶ್ನೆ: ಈ ಹೆಸರಿನಲ್ಲಿ ಈ ಅಕ್ಷರಗಳು ಒಟ್ಟಿಗೆ ಹೇಗೆ ನಿಲ್ಲಬೇಕು?

ಕೋಕಾ-ಕೋಲಾ ಬರಹದಲ್ಲಿ ಆ ಯೋಚನೆ ಕಣ್ಣಿಗೆ ಕಾಣುವಂತಿದೆ. ಮೊದಲ ‘ಸಿ’ಯ ಬಾಲ ಕೆಳಗಿಳಿದು ತನ್ನ ಮುಂದಿನ ಮೂರು ಅಕ್ಷರಗಳ ಅಡಿಯಲ್ಲಿ ಉದ್ದಕ್ಕೆ ಹರಿಯುತ್ತದೆ. ಎರಡನೆಯ ‘ಸಿ’ಯ ಬಳ್ಳಿ ಮೇಲಿನಿಂದ ಹೊರಟು ‘ಎಲ್’ ಅಕ್ಷರದ ಕುಣಿಕೆಯ ಮೂಲಕ ಸಾಗುತ್ತದೆ. ಒಂದು ಕೆಳಗೆ, ಒಂದು ಮೇಲೆ. ಎರಡು ಪದಗಳೂ ಉದ್ದದಲ್ಲಿ ಸಮ, ಎರಡರ ಮೊದಲಕ್ಷರವೂ ಒಂದೇ. ಎರಡು ಬಾಲಗಳನ್ನೂ ಒಂದೇ ಕಡೆಗೆ ಎಳೆದಿದ್ದರೆ ಬರಹ ಬರೀ ಪುನರಾವರ್ತನೆಯಾಗುತ್ತಿತ್ತು. ಬಹಳ ಕಾಲ ಆ ಮೊದಲ ಬಾಲದ ಒಳಗೇ ನೋಂದಾಯಿತ ಗುರುತು ಎಂಬ ಒಕ್ಕಣೆಯನ್ನು ಸಣ್ಣಕ್ಷರದಲ್ಲಿ ಕೂರಿಸುತ್ತಿದ್ದರು. ಅಲಂಕಾರಕ್ಕೆ ಎಳೆದ ಗೆರೆ ಕಾನೂನಿನ ಮಾತಿಗೂ ಜಾಗವಾಯಿತು. ಸ್ಪೆನ್ಸರ್ ಕಾಪಿ ಪುಸ್ತಕದಲ್ಲಿ ಇಂಥ ‘ಸಿ’ ಇದೆ, ಇಂಥ ಜೋಡಣೆ ಇಲ್ಲ. ಜೋಡಣೆಯೇ ಲೋಗೊಟೈಪ್. ಆದರೆ ‘ಸಿ’ಯನ್ನು ಹಾಗೆ ಬಳುಕಿಸಲು ಬಾರದವನಿಗೆ ಆ ಜೋಡಣೆ ಹೊಳೆಯುವುದೇ ಇಲ್ಲ.

ಕೈಬರಹವೇ ವ್ಯಾಪಾರದ ಗುರುತಾಗಲು ಇನ್ನೊಂದು ಕಾರಣವೂ ಇತ್ತು. ಅಮೆರಿಕದ ಮೊದಲ ಟ್ರೇಡ್‌ಮಾರ್ಕ್ ಕಾಯ್ದೆ 1870ರಲ್ಲಿ ಬಂದು, 1879ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. 1881ರಲ್ಲಿ ಸೀಮಿತ ವ್ಯಾಪ್ತಿಯ ಇನ್ನೊಂದು, 1905ರಲ್ಲಿ ವಿಸ್ತಾರವಾದ ಮತ್ತೊಂದು ಬಂತು. ಕೋಕಾ-ಕೋಲಾ ನೋಂದಣಿಯಾದದ್ದು 1893ರಲ್ಲಿ. ಈ ಡೋಲಾಯಮಾನ ಕಾಲದಲ್ಲಿ ಸರಕು ರೈಲು ಹತ್ತಿ ದೂರದೂರಿಗೆ ಹೋಗುತ್ತಿತ್ತು, ಕೊಳ್ಳುವವನಿಗೆ ತಯಾರಿಸಿದವನ ಮುಖಪರಿಚಯ ಇರಲಿಲ್ಲ, ನಕಲಿ ಮಾಲು ಹೇರಳವಾಗಿತ್ತು. ಜನ ನಂಬುತ್ತಿದ್ದ ಒಂದು ಗುರುತು ಸಹಿ. ಚೆಕ್ಕಿನ ಮೇಲೆ, ಕರಾರುಪತ್ರದ ಮೇಲೆ ಇರುವಂತೆ ಪೊಟ್ಟಣದ ಮೇಲೂ ಸಹಿ ಬಂತು. 1906ರಲ್ಲಿ ಕಾರ್ನ್‌ಫ್ಲೇಕ್ಸ್ ಕಂಪನಿ ಶುರುಮಾಡಿದ ಡಬ್ಲ್ಯು. ಕೆ. ಕೆಲಾಗ್, ತನ್ನ ಸಹಿ ಇಲ್ಲದ್ದು ಅಸಲಿಯಲ್ಲ ಎಂದು ಪೊಟ್ಟಣದ ಮೇಲೆಯೇ ಅಚ್ಚು ಹಾಕಿಸಿದ. ಇಂದಿನ ಕೆಲಾಗ್ಸ್ ಲೋಗೊದ ಬೇರು ಆ ಸಹಿಯಲ್ಲಿದೆ. ಇಂಗ್ಲೆಂಡಿನ ಕ್ಯಾಡ್‌ಬರಿ ಬರಹವೂ ವಿಲಿಯಂ ಕ್ಯಾಡ್‌ಬರಿಯ ಸಹಿಯಿಂದ ಬಂದದ್ದೇ. ಫೋರ್ಡ್ ಹೆಸರನ್ನು ಬರೆದವನು ಕಂಪನಿಯ ಮುಖ್ಯ ಎಂಜಿನಿಯರ್ ಚೈಲ್ಡ್ ಹೆರಾಲ್ಡ್ ವಿಲ್ಸ್. ಹುಡುಗನಾಗಿದ್ದಾಗ ಕಾರ್ಡುಗಳನ್ನು ಅಚ್ಚು ಹಾಕಿ ಮಾರುತ್ತಿದ್ದ ಅನುಭವ ಅದಕ್ಕೆ ಒದಗಿತು ಎಂದು ಆ ಕಂಪನಿಯ ಚರಿತ್ರೆ ಬರೆದವರು ಹೇಳುತ್ತಾರೆ. ಗುಮಾಸ್ತ, ಎಂಜಿನಿಯರ್, ಮಾಲೀಕನ ಸ್ವಂತ ಕೈ: ಇವರಲ್ಲಿ ಯಾರೂ ಲೋಗೊ ವಿನ್ಯಾಸಕಾರರಲ್ಲ. ಆದರೆ ಇವರೆಲ್ಲ ಬದುಕಿದ್ದ ಸಮಾಜದಲ್ಲಿ ಚೆಂದದ ಅಕ್ಷರ ಬರೆಯುವುದು ಓದಿದವರ ಸಾಮಾನ್ಯ ಅರ್ಹತೆಯಾಗಿತ್ತು.

ಆ ಅರ್ಹತೆ ಕರಗಲು ತಡವಾಗಲಿಲ್ಲ. 1874ರಲ್ಲಿ ರೆಮಿಂಗ್ಟನ್ ಕಂಪನಿ ಟೈಪ್‌ರೈಟರ್ ಮಾರತೊಡಗಿತು. ಕೆಲವೇ ದಶಕಗಳಲ್ಲಿ ಕಚೇರಿಯ ಪತ್ರಗಳು ಯಂತ್ರಕ್ಕೆ ಹೋದವು. ಶಾಲೆಗಳಲ್ಲಿ ಸ್ಪೆನ್ಸರ್ ಕ್ರಮದ ಜಾಗಕ್ಕೆ ಪಾಮರ್ ಕ್ರಮ ಬಂತು. ಅದರ ಗುರಿ ವೇಗ. ದಪ್ಪ-ತೆಳುವಿನ ಸೊಗಸಿಗೆ ಅಲ್ಲಿ ಬಿಡುವಿರಲಿಲ್ಲ. ಹೀಗೆ ಅಕ್ಷರದ ಕಸುಬು ಗುಮಾಸ್ತನ ಮೇಜಿನಿಂದ ಬೀದಿಗೆ, ಬೋರ್ಡ್ ಬರೆಯುವವರ ಕೈಗೆ ದಾಟಿತು. ಅವರಿಗೂ ಪಠ್ಯಗಳು ಹುಟ್ಟಿಕೊಂಡವು. ಷಿಕಾಗೊದ ಫ್ರ್ಯಾಂಕ್ ಅಟ್ಕಿನ್ಸನ್ 1909ರಲ್ಲಿ ಬೋರ್ಡ್ ಬರವಣಿಗೆಯ ದೊಡ್ಡ ಕೈಪಿಡಿ ತಂದ. 1915ರಲ್ಲಿ ರಾಸ್ ಜಾರ್ಜ್‌ನ ಸ್ಪೀಡ್‌ಬಾಲ್ ಪಠ್ಯಪುಸ್ತಕ ಬಂತು, ಅದು ಇಂದಿಗೂ ಹೊಸ ಮುದ್ರಣ ಕಾಣುತ್ತಿದೆ. ಆದರೆ ಪುಸ್ತಕಕ್ಕಿಂತ ದೊಡ್ಡ ಗುರು ಅಂಗಡಿ. ಬೋರ್ಡ್ ಬರೆಯುವವನಿಗೆ ಹಲಗೆಯ ಅಳತೆ ಮೊದಲೇ ಗೊತ್ತು, ಹೆಸರಿನ ಅಕ್ಷರಗಳೂ ಗೊತ್ತು, ಎರಡೂ ಅವನ ಆಯ್ಕೆಯಲ್ಲ. ಗಿಡ್ಡ ಹೆಸರನ್ನು ಉದ್ದ ಹಲಗೆಗೂ ಉದ್ದ ಹೆಸರನ್ನು ಗಿಡ್ಡ ಹಲಗೆಗೂ ಅವನು ಹೊಂದಿಸಲೇಬೇಕು. ಅದೂ ರಸ್ತೆಯ ಆಚೆ ಬದಿಯಿಂದ, ಓಡುವ ಗಾಡಿಯಿಂದ ಓದಲು ಬರುವಂತೆ. ಅಚ್ಚುಮೊಳೆ ಜೋಡಿಸುವವನಿಗೆ ಸಿದ್ಧ ಅಕ್ಷರಗಳಿವೆ. ಇವನಿಗೆ ಪ್ರತಿ ಹೆಸರೂ ಹೊಸ ಲೆಕ್ಕ. ಲೋಗೊಟೈಪ್ ರಚಿಸುವವನು ಎದುರಿಸುವುದು ಇದೇ ಲೆಕ್ಕವನ್ನು.

ಅದೇ ಹೊತ್ತಿಗೆ ಲಂಡನ್ನಿನಲ್ಲಿ ಈ ಕಲಿಕೆ ಬೇರೊಂದು ದಾರಿಯಲ್ಲಿ ಸಾಗುತ್ತಿತ್ತು. ವೈದ್ಯಕೀಯ ಓದುತ್ತಿದ್ದು ಅದನ್ನು ಬಿಟ್ಟುಬಂದ ಎಡ್ವರ್ಡ್ ಜಾನ್‌ಸ್ಟನ್ ಬ್ರಿಟಿಷ್ ಮ್ಯೂಸಿಯಮ್ಮಿನ ಹಳೆಯ ಹಸ್ತಪ್ರತಿಗಳನ್ನು ನೋಡಿ ನೋಡಿ ಅಗಲ ಮೊನೆಯ ಲೇಖನಿಯ ಗುಟ್ಟನ್ನು ತಾನೇ ಕಂಡುಕೊಂಡ. 1899ರಿಂದ ಅದನ್ನು ಸೆಂಟ್ರಲ್ ಸ್ಕೂಲಿನಲ್ಲಿ ಕಲಿಸಿದ, 1906ರಲ್ಲಿ ಪುಸ್ತಕವಾಗಿಸಿದ. ಫ್ರ್ಯಾಂಕ್ ಪಿಕ್ ಎಂಬ ಅಧಿಕಾರಿ ಭೂಗತ ರೈಲಿಗೆ ಒಂದು ಅಕ್ಷರಮಾಲೆ ಬೇಕೆಂದಾಗ ಜಾನ್‌ಸ್ಟನ್ 1916ರಲ್ಲಿ ಕೊಟ್ಟದ್ದು ದಪ್ಪ-ತೆಳುವಿನ ಸುಳಿವೇ ಇಲ್ಲದ, ಅಂಚುಗಳಿಗೆ ಚಾಚಿಲ್ಲದ ಸರಳ ಅಕ್ಷರ. ಲೇಖನಿ ಹಿಡಿದು ಹಳೆಯ ಪ್ರತಿಗಳ ಮುಂದೆ ಕೂತಿದ್ದವನಿಂದ ಇಷ್ಟು ಬೋಳು ಅಕ್ಷರ ಹೇಗೆ ಬಂತು ಎಂದು ಕೇಳುವವರು ಅದರ ‘ಐ’ ಮೇಲಿನ ಚುಕ್ಕಿಯನ್ನು ನೋಡಲಿ. ಅದು ದುಂಡಗಿಲ್ಲ, ವಜ್ರದಂತೆ ಓರೆಯಾಗಿ ನಿಂತ ಚೌಕ. ಅಗಲ ಲೇಖನಿಯನ್ನು ಓರೆಯಾಗಿ ಹಿಡಿದು ಒಮ್ಮೆ ಒತ್ತಿದರೆ ಕಾಗದದ ಮೇಲೆ ಮೂಡುವ ಆಕಾರ ಅದೇ. ಲೇಖನಿಯ ಎಲ್ಲ ಗುರುತನ್ನೂ ಅಳಿಸಿದ ಮೇಲೂ ಆ ಒಂದು ಚುಕ್ಕಿಯಲ್ಲಿ ಅದರ ಹಿಡಿತ ಉಳಿದಿದೆ.

ಹೆಸರು ಬರೆಯುವ ಈ ವಿದ್ಯೆ ನೇರವಾದ ಪಾಠವಾದದ್ದು ಇಪ್ಪತ್ತನೆಯ ಶತಮಾನದ ನಡುವಿನ ಅಮೆರಿಕದಲ್ಲಿ. ನ್ಯೂಯಾರ್ಕಿನಲ್ಲಿ 1936ರಲ್ಲಿ ಶುರುವಾದ ಫೋಟೊ-ಲೆಟರಿಂಗ್ ಸಂಸ್ಥೆ ಜಾಹೀರಾತು ಕಚೇರಿಗಳಿಗೆ ಶೀರ್ಷಿಕೆಗಳನ್ನು ಫಿಲ್ಮಿನ ಮೇಲೆ ಒದಗಿಸುತ್ತಿತ್ತು. ಎಡ್ ಬೆಂಗುಯಾಟ್‌ನಂಥ ನುರಿತ ಅಕ್ಷರಗಾರರು ಅಲ್ಲಿದ್ದರು. ಲಾಸ್ ಏಂಜಲೀಸ್ ಕಡೆ ಮಾರ್ಟಿಮರ್ ಲೀಚ್ ಪಾಠ ಹೇಳುತ್ತಿದ್ದ. ಜಾಹೀರಾತಿಗಾಗಿ ಅಕ್ಷರ ಬರೆಯುವುದರ ಬಗ್ಗೆ 1956ರಲ್ಲಿ ಪುಸ್ತಕವನ್ನೂ ಬರೆದ. ಅವನ ಶಿಷ್ಯ ಡಾಯಲ್ಡ್ ಯಂಗ್ ಮುಂದೆ ಆರ್ಟ್ ಸೆಂಟರ್ ಶಾಲೆಯಲ್ಲಿ ದಶಕಗಳ ಕಾಲ ಇದನ್ನೇ ಕಲಿಸಿದ. 1993ರಲ್ಲಿ ಬಂದ ಅವನ ಪುಸ್ತಕ ಲೋಗೊಟೈಪುಗಳನ್ನು ಅವುಗಳ ಕರಡುಗಳೊಡನೆ ತೋರಿಸುತ್ತದೆ. ಈ ಪರಂಪರೆಯ ಮುಖ್ಯ ಸಲಕರಣೆ ಟ್ರೇಸಿಂಗ್ ಪೇಪರ್. ಹೆಸರನ್ನು ಪೆನ್ಸಿಲಿನಲ್ಲಿ ಬರೆಯುವುದು, ಅದರ ಮೇಲೆ ಇನ್ನೊಂದು ಹಾಳೆ ಹಾಸಿ ಒಪ್ಪುವುದನ್ನಷ್ಟೇ ಎತ್ತಿಕೊಂಡು ಉಳಿದದ್ದನ್ನು ತಿದ್ದಿ ಬರೆಯುವುದು, ಮತ್ತೆ ಮೇಲೊಂದು ಹಾಳೆ. ಹತ್ತನೆಯ ಹಾಳೆಯಲ್ಲಿ ಹೆಸರು ತನ್ನ ಆಕಾರಕ್ಕೆ ಬರುತ್ತದೆ, ಹಿಂದಿನ ಒಂಬತ್ತು ಹಾಳೆಗಳು ಕಲಿತವನ ಲೆಕ್ಕಪುಸ್ತಕವಾಗಿ ಉಳಿಯುತ್ತವೆ. ಈ ಹಾಳೆಗಳ ನಡುವೆ ಕಲಿಯುವುದು ಕಣ್ಣಿನ ಮೋಸಗಳನ್ನು. ‘ಓ’ ಅಕ್ಷರವನ್ನು ‘ಎಚ್’ ಅಕ್ಷರದಷ್ಟೇ ಎತ್ತರ ಮಾಡಿದರೆ ಅದು ಗಿಡ್ಡವಾಗಿ ಕಾಣುತ್ತದೆ, ಹಾಗಾಗಿ ದುಂಡು ಗೆರೆ ದಾಟಿ ಕೊಂಚ ಮೇಲೆ-ಕೆಳಗೆ ಚಾಚಬೇಕು. ಅಡ್ಡಗೆರೆಯನ್ನು ನೆಟ್ಟಗೆರೆಯಷ್ಟೇ ದಪ್ಪ ಬರೆದರೆ ಅದು ಹೆಚ್ಚು ದಪ್ಪವಾಗಿ ಕಾಣುತ್ತದೆ. ‘ಎಚ್’ ಅಕ್ಷರದ ನಡುಗೆರೆ ಅಳತೆಯ ನಡುವಿನಲ್ಲಿದ್ದರೆ ಕೆಳಗೆ ಜಾರಿದಂತೆ ತೋರುತ್ತದೆ. ಎರಡು ಅಕ್ಷರಗಳ ನಡುವಿನ ದೂರವನ್ನು ಸ್ಕೇಲಿನಲ್ಲಿ ಅಳೆದು ಸಮ ಮಾಡಿದರೆ ಸಮವೆನಿಸುವುದಿಲ್ಲ, ನಡುವೆ ಉಳಿದ ಬಿಳಿಯ ಹರವನ್ನು ಸಮ ಮಾಡಬೇಕು. ಇವೆಲ್ಲ ಒಂದು ಪುಟದಲ್ಲಿ ಬರೆದಿಡಬಹುದಾದ ನಿಯಮಗಳು. ಆದರೆ ಒಂದು ಹೆಸರಿನಲ್ಲಿ ಎಷ್ಟು ಚಾಚಬೇಕು, ಎಷ್ಟು ತೆಳುವಾಗಬೇಕು ಎಂಬ ‘ಎಷ್ಟು’ ಯಾವ ಪುಟದಲ್ಲೂ ಇರುವುದಿಲ್ಲ.

ನನ್ನ ವಾದವನ್ನು ಒಪ್ಪದವರ ಬಳಿ ಗಟ್ಟಿಯಾದ ಆಕ್ಷೇಪಗಳಿವೆ. ಮೊದಲನೆಯದು, ಇಪ್ಪತ್ತನೆಯ ಶತಮಾನದ ಹೆಸರಾಂತ ಲೋಗೊಟೈಪುಗಳು ಕೈಬರಹದಿಂದ ಬಂದವಲ್ಲ, ಸಿದ್ಧ ಅಚ್ಚುಮೊಳೆಗಳಿಂದ ಬಂದವು ಎಂಬುದು. ಪಾಲ್ ರ‍್ಯಾಂಡ್ 1956ರಲ್ಲಿ ಮಾಡಿಕೊಟ್ಟ ಐಬಿಎಂ ಲೋಗೊ ಜರ್ಮನಿಯ ಜಾರ್ಜ್ ಟ್ರಂಪ್ 1930ರಲ್ಲಿ ರಚಿಸಿದ ಸಿಟಿ ಎಂಬ ಮೊಳೆಯನ್ನು ಆಧರಿಸಿದ್ದು. 1994ರಲ್ಲಿ ಲಿಂಡನ್ ಲೀಡರ್ ರಚಿಸಿದ ಫೆಡ್‌ಎಕ್ಸ್ ಲೋಗೊಗೆ ಯೂನಿವರ್ಸ್ ಮತ್ತು ಫ್ಯೂಚುರಾ ಎಂಬ ಎರಡು ಮೊಳೆಗಳು ಆಧಾರ. ಹಾಗಾದರೆ ಕೈ ಪಳಗಬೇಕಾದ ಅಗತ್ಯ ಎಲ್ಲಿದೆ? ಈ ಎರಡನ್ನೂ ಹತ್ತಿರದಿಂದ ನೋಡಿದರೆ ಆಕ್ಷೇಪವೇ ನನ್ನ ವಾದಕ್ಕೆ ಸಾಕ್ಷಿಯಾಗುತ್ತದೆ. ರ‍್ಯಾಂಡ್‌ಗೆ ಎದುರಾದ ತೊಡಕು ಅಗಲದ್ದು. ರೋಮನ್ ಲಿಪಿಯಲ್ಲಿ ‘ಐ’ ಕಿರಿದು, ‘ಬಿ’ ಅದಕ್ಕಿಂತ ಅಗಲ, ‘ಎಂ’ ಇನ್ನೂ ಅಗಲ. ಹೆಸರು ಎಡದಿಂದ ಬಲಕ್ಕೆ ಅಗಲವಾಗುತ್ತಲೇ ಹೋಗಿ ತಟಕ್ಕನೆ ನಿಂತುಬಿಡುತ್ತದೆ. ಮುಂದೆ ಅವನು ತಂದ ಅಡ್ಡಪಟ್ಟೆಗಳು, 1972ರಿಂದ ಎಲ್ಲರಿಗೂ ಪರಿಚಿತವಾದ ಎಂಟು ಪಟ್ಟೆಗಳು, ಮೂರು ಅಸಮ ಅಕ್ಷರಗಳನ್ನು ಒಂದೇ ನೇಯ್ಗೆಗೆ ತಂದವು. ಫೆಡ್‌ಎಕ್ಸ್‌ನಲ್ಲಿ ಎರಡು ಅಕ್ಷರಗಳ ನಡುವಿನ ಬಿಳಿಯಲ್ಲಿ ಬಾಣ ಮೂಡುವುದಕ್ಕೆ ಲೀಡರ್ ಮೊಳೆಗಳ ಎತ್ತರ, ಅಗಲ, ಅಂತರಗಳನ್ನು ಬದಲಾಯಿಸಬೇಕಾಯಿತು. ಬರೀ ಟೈಪ್ ಮಾಡಿದರೆ ಆ ಬಾಣ ಅಲ್ಲಿ ಹುಟ್ಟುವುದಿಲ್ಲ. ಇಬ್ಬರೂ ಸಿದ್ಧ ಮೊಳೆಯನ್ನು ಹಿಡಿದು ಹೊರಟರೂ ಬೋರ್ಡ್ ಬರೆಯುವವನ ಹಳೆಯ ಲೆಕ್ಕವನ್ನೇ ಬಿಡಿಸಿದರು. ರ‍್ಯಾಂಡ್ ಮಟ್ಟಿಗೆ ಇದು ಬಾಯಿಮಾತಲ್ಲ. ಬ್ರೂಕ್ಲಿನ್ನಿನಲ್ಲಿ ತಂದೆಯ ದಿನಸಿ ಅಂಗಡಿಗೆ, ಶಾಲೆಯ ಸಮಾರಂಭಗಳಿಗೆ ಬೋರ್ಡ್ ಬರೆಯುತ್ತ ಬೆಳೆದ ಹುಡುಗ ಅವನು.

ಎರಡನೆಯ ಆಕ್ಷೇಪ ಇನ್ನೂ ಮೂಲಭೂತವಾದದ್ದು. ಕೋಕಾ-ಕೋಲಾ ಬರಹ ಉಳಿದದ್ದು ಅದರ ಚೆಲುವಿನಿಂದಲ್ಲ, ಅದರ ಹಿಂದೆ ಸುರಿದ ಹಣದಿಂದ. ಅದೇ ಸೊಗಸಿನಲ್ಲಿ ಬರೆದ ನೂರಾರು ಟಾನಿಕ್ಕು, ಸೋಡಾ, ಸಾಬೂನುಗಳ ಹೆಸರುಗಳು ಕಂಪನಿಗಳ ಜೊತೆಗೇ ಅಳಿದುಹೋದವು ಎನ್ನುತ್ತಾರೆ. ಇದು ನಿಜ. ಒಳ್ಳೆಯ ಬರಹ ಕೆಟ್ಟ ವ್ಯಾಪಾರವನ್ನು ಉಳಿಸುವುದಿಲ್ಲ. ಆದರೆ ಅಳಿದುಹೋದ ಆ ಹೆಸರುಗಳೂ ಚೆನ್ನಾಗಿಯೇ ಇದ್ದವು ಎಂಬುದನ್ನು ಆಕ್ಷೇಪಿಸುವವರೇ ಒಪ್ಪುತ್ತಿದ್ದಾರೆ. ಒಬ್ಬಿಬ್ಬರು ಪ್ರತಿಭಾವಂತರ ಕೈಯಲ್ಲಿ ಮಾತ್ರ ಈ ಕಲೆ ಇದ್ದಿದ್ದರೆ ಯಾರ ನೆನಪಿನಲ್ಲೂ ಇಲ್ಲದ ಊರಿನ ಟಾನಿಕ್ ಬಾಟಲಿಯ ಮೇಲೆ ಅಷ್ಟು ಹದವಾದ ಅಕ್ಷರ ಬರುತ್ತಿರಲಿಲ್ಲ. ಕಸುಬಿನ ಸಾಮಾನ್ಯ ಮಟ್ಟವೇ ಎತ್ತರದಲ್ಲಿತ್ತು. ವ್ಯಾಪಾರದ ಗೆಲುವು ಆ ಎತ್ತರದಿಂದ ಒಂದೆರಡನ್ನು ಆರಿಸಿಕೊಂಡು ಕಾಪಾಡಿತು. ನಾನು ಹೇಳುತ್ತಿರುವುದು ಆ ಸಾಮಾನ್ಯ ಮಟ್ಟದ ಮಾತು.

ಸಿದ್ಧ ಮೊಳೆಗೂ ಒಂದು ಹೆಸರಿಗೆಂದೇ ಬರೆದ ಅಕ್ಷರಕ್ಕೂ ಇರುವ ಅಂತರವನ್ನು 1968ರ ಒಂದು ಪ್ರಸಂಗ ಸ್ಪಷ್ಟವಾಗಿ ತೋರಿಸುತ್ತದೆ. ಹರ್ಬ್ ಲುಬಾಲಿನ್ ಅವಾಂ ಗಾರ್ಡ್ ಎಂಬ ಪತ್ರಿಕೆಗೆ ಶೀರ್ಷಿಕೆ ರಚಿಸಿದ. ರೋಮನ್ ಲಿಪಿಯ ದೊಡ್ಡಕ್ಷರದಲ್ಲಿ ಆ ಹೆಸರನ್ನು ಬರೆದರೆ ಓರೆ ಬದಿಯ ‘ಎ’ ಮತ್ತು ‘ವಿ’ಗಳ ನಡುವೆ ದೊಡ್ಡ ದೊಡ್ಡ ಕಂಡಿಗಳು ಬೀಳುತ್ತವೆ. ಲುಬಾಲಿನ್ ಆ ಓರೆಗಳನ್ನೇ ಒಂದಕ್ಕೊಂದು ಒರಗಿಸಿ, ‘ಎ’ಯನ್ನು ಪಕ್ಕದ ಅಕ್ಷರದ ಮಡಿಲಿಗೆ ವಾಲಿಸಿ, ಹೆಸರನ್ನು ಒಂದೇ ಗಟ್ಟಿ ತುಂಡಾಗಿ ಮಾಡಿದ. ಅಷ್ಟು ಮೆಚ್ಚುಗೆ ಬಂದದ್ದರಿಂದ ಅವನೂ ಜೊತೆಗಾರ ಟಾಮ್ ಕಾರ್ನೇಸ್‌ನೂ ಅದನ್ನು ಪೂರ್ತಿ ಅಕ್ಷರಮಾಲೆಯಾಗಿ ಬೆಳೆಸಿದರು. 1970ರಲ್ಲಿ ಅದು ಎಲ್ಲರಿಗೂ ಮಾರಾಟಕ್ಕೆ ಸಿಕ್ಕಿತು. ಮುಂದೆ ಆದದ್ದು ಅಕ್ಷರಲೋಕದಲ್ಲಿ ಇಂದಿಗೂ ಎಚ್ಚರಿಕೆಯಾಗಿ ಹೇಳುವ ಮಾತು. ವಾಲಿದ ಅಕ್ಷರಗಳನ್ನು ಜನ ಬೇಕಾದಲ್ಲಿ ಬೇಡವಾದಲ್ಲಿ ತುರುಕಿದರು, ಬೇರೆ ಹೆಸರುಗಳಲ್ಲಿ ಅವು ಕಾರಣವಿಲ್ಲದೆ ಓಲಾಡಿದವು. ಒಂದು ಹೆಸರಿನ ತೊಡಕಿಗೆ ಕಂಡ ಪರಿಹಾರ ಆ ತೊಡಕೇ ಇಲ್ಲದ ಹೆಸರಿಗೆ ಭಾರವಾಯಿತು. ಲೋಗೊಟೈಪ್ ಕಲಿಯುವವರು ಶೈಲಿಯನ್ನು ನಕಲು ಮಾಡಿ ಕಲಿಯಲಾರರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ.

1980ರ ದಶಕದಲ್ಲಿ ಕಂಪ್ಯೂಟರು ಮೇಜಿನ ಮೇಲೆ ಬಂತು, ಬೋರ್ಡಿನ ಅಂಗಡಿಗೆ ವಿನೈಲ್ ಕತ್ತರಿಸುವ ಯಂತ್ರ ಬಂತು. ಗುಮಾಸ್ತನ ಕೈಯನ್ನು ಟೈಪ್‌ರೈಟರ್ ನಿಲ್ಲಿಸಿದ ಹಾಗೆ ಬೋರ್ಡ್ ಬರೆಯುವವನ ಕೈಯನ್ನು ಇವು ನಿಲ್ಲಿಸಿದವು. ಉಪಕರಣ ಎಲ್ಲರ ಕೈಗೂ ಬಂದದ್ದು ಒಳ್ಳೆಯದೇ. ಹಿಂದೆ ಊರಿನಲ್ಲಿ ಗುರು ಸಿಗದೆ ಕಸುಬಿನ ಹೊರಗೇ ಉಳಿದವರಿಗೆ ಈಗ ದಾರಿಯಿದೆ. ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಕೈ ಪಳಗುವ ಮೊದಲೇ ಫಾಂಟುಗಳ ರಾಶಿ ಎದುರಿಗೆ ಬಂದಾಗ ಕೆಲಸ ಬರೆಯುವುದರಿಂದ ಆರಿಸುವುದಕ್ಕೆ ಜಾರುತ್ತದೆ. ಕಳೆದ ಹದಿನೈದು ವರ್ಷಗಳಲ್ಲಿ ಒಂದರ ಹಿಂದೊಂದು ಕಂಪನಿ ತನ್ನ ಹಳೆಯ ಬರಹ ಬಿಟ್ಟು ಒಂದೇ ಬಗೆಯ ಬೋಳು ಅಕ್ಷರಗಳಿಗೆ ಬಂದದ್ದಕ್ಕೆ ಮೊಬೈಲ್ ಪರದೆ ಕಾರಣ ಎನ್ನುತ್ತಾರೆ. ಗೂಗಲ್ 2015ರಲ್ಲಿ ತನ್ನ ಚಾಚುಗಳಿದ್ದ ಅಕ್ಷರ ಬಿಟ್ಟಾಗ ಸಣ್ಣ ಪರದೆಯಲ್ಲಿ ಸ್ಪಷ್ಟವಾಗಿ ಕಾಣಬೇಕೆಂಬ ಮಾತೂ ಅದರ ಜೊತೆಗಿತ್ತು. ಕಾರಣ ಸರಿಯಾದದ್ದೇ, ಆದರೆ ಪೂರ್ತಿಯಲ್ಲ. ಜಾನ್‌ಸ್ಟನ್ ಕೂಡ ದೂರದಿಂದ, ಓಡುವ ರೈಲಿನಿಂದ ಓದಬೇಕೆಂಬ ಒತ್ತಡದಲ್ಲೇ ಬೋಳು ಅಕ್ಷರ ಬರೆದ, ಆದರೂ ಅವನ ಅಕ್ಷರವನ್ನು ಯಾರೂ ಇನ್ನೊಂದೆಂದು ತಪ್ಪು ತಿಳಿಯುವುದಿಲ್ಲ. ಸರಳತೆ ಅವನಿಗೂ ಇಂದಿನವರಿಗೂ ಒಂದೇ ಷರತ್ತು. ಆ ಷರತ್ತಿನೊಳಗೆ ಏನನ್ನು ಉಳಿಸಿಕೊಳ್ಳಬೇಕೆಂದು ಬಲ್ಲವರ ಸಂಖ್ಯೆ ಮಾತ್ರ ಕಡಿಮೆಯಾಗಿದೆ.

ಇಂಡಿಯಾದ ಲಿಪಿಗಳಿಗೆ ಬಂದರೆ ಈ ಚರಿತ್ರೆ ಇನ್ನೂ ತುರ್ತಿನದಾಗುತ್ತದೆ. ನಮ್ಮಲ್ಲೂ ದೊಡ್ಡ ಕೆಲಸ ಮಾಡಿದವರು ಪಕ್ಕದ ಕಸುಬಿನಿಂದಲೇ ಬಂದರು. ಸತ್ಯಜಿತ್ ರಾಯ್ ಅವರು ಶಾಂತಿನಿಕೇತನದಲ್ಲಿ ಚಿತ್ರಕಲೆ ಕಲಿತು, 1943ರಲ್ಲಿ ಕಲ್ಕತ್ತೆಯ ಡಿ. ಜೆ. ಕೀಮರ್ ಜಾಹೀರಾತು ಸಂಸ್ಥೆ ಸೇರಿ, ಸಿಗ್ನೆಟ್ ಪ್ರೆಸ್ಸಿಗೆ ಪುಸ್ತಕಗಳ ಮುಖಪುಟ ಬರೆಯುತ್ತ ಕೈ ಪಳಗಿಸಿಕೊಂಡರು. ‘ಏಕ್ಷಣ್’ ಎಂಬ ಬಂಗಾಳಿ ಪತ್ರಿಕೆಯ ಮುಖಪುಟಕ್ಕೆ ಅದರ ಹೆಸರಿನ ಮೂರೇ ಅಕ್ಷರಗಳನ್ನು ಸಂಚಿಕೆಯಿಂದ ಸಂಚಿಕೆಗೆ ಬೇರೆ ಬೇರೆಯಾಗಿ ಅವರು ಬರೆದುಕೊಟ್ಟದ್ದು, ನಮ್ಮ ದೇಶದ ಲಿಪಿಯಲ್ಲಿ ಲೋಗೊಟೈಪ್ ಕಲಿಯಬಯಸುವವರಿಗೆ ಒಂದು ಇಡೀ ಪಠ್ಯಕ್ರಮ. ಮುಂಬಯಿಯ ಆರ್. ಕೆ. ಜೋಶಿ ಅವರೂ ಜಾಹೀರಾತು ಸಂಸ್ಥೆಯಲ್ಲಿ ದುಡಿದು ಆಮೇಲೆ ಐಐಟಿಯಲ್ಲಿ ಮೇಷ್ಟ್ರಾದವರು, ದೇವನಾಗರಿಗೂ ಇತರ ಲಿಪಿಗಳಿಗೂ ಕಂಪ್ಯೂಟರಿನೊಳಗೆ ಜಾಗ ಮಾಡಿಕೊಟ್ಟವರು.

ಕನ್ನಡದಲ್ಲಿ ಸ್ಪೆನ್ಸರ್ ಕ್ರಮಕ್ಕೆ ಎದುರು ನಿಲ್ಲಬಹುದಾದ ಒಂದು ಬರಹವಿತ್ತು. ಶಾನುಭೋಗರ ಮೋಡಿ. ಕಡತದ ಕಪ್ಪು ಬಟ್ಟೆಯ ಮೇಲೆ ಬಳಪದಲ್ಲಿ, ಆಮೇಲೆ ಕಾಗದದ ಮೇಲೆ ಮಸಿಯಲ್ಲಿ, ಕೈ ಎತ್ತದೆ ಒಂದಕ್ಷರವನ್ನು ಇನ್ನೊಂದಕ್ಕೆ ಬೆಸೆಯುತ್ತ ಲೆಕ್ಕಪತ್ರ ಬರೆದ ಲಿಪಿ ಅದು. ಅಟ್ಲಾಂಟಾದ ಗುಮಾಸ್ತನಿಗಿದ್ದಂಥ ಕೈಬಳಕೆ ನಮ್ಮ ಶಾನುಭೋಗನಿಗೂ ಇತ್ತು. ಆದರೆ ಆ ಬಳುಕು ಅಂಗಡಿಯ ಬೋರ್ಡಿಗೆ, ಬೆಂಕಿಪೊಟ್ಟಣದ ಚೀಟಿಗೆ ದಾಟಲಿಲ್ಲ. ಅಚ್ಚಿನಲ್ಲಿ ನೆಲೆನಿಂತ ಬಿಡಿಬಿಡಿ ಮೊಳೆಗಳೇ ಅಕ್ಷರದ ಮಾದರಿಯಾದವು, ಮೋಡಿ ಕಚೇರಿಯ ಗುಟ್ಟಾಗಿಯೇ ಉಳಿದು, ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದುಮಾಡಿದ 1961ರ ಕಾಯ್ದೆಯ ಬಳಿಕ ಆಧಾರವನ್ನೇ ಕಳೆದುಕೊಂಡಿತು. ಆಮೇಲೆ ಕನ್ನಡದ ಹೆಸರುಗಳಿಗೆ ಬಳುಕು ಕೊಟ್ಟವರು ಪುಸ್ತಕಗಳ ಮುಖಪುಟ ಬರೆದವರು, ಸಿನಿಮಾ ಪೋಸ್ಟರಿನ ಶೀರ್ಷಿಕೆ ಬರೆದವರು, ಬೀದಿಯ ಆರ್ಟಿಸ್ಟುಗಳು. ಅವರು ಕಲಿತದ್ದನ್ನು ಯಾರೂ ಏಳು ಮೂಲರೇಖೆಗಳಾಗಿ ಬಿಡಿಸಿ ಪುಸ್ತಕ ಮಾಡಲಿಲ್ಲ. ಫ್ಲೆಕ್ಸ್ ಬಂದಾಗ ಆ ತಿಳಿವಳಿಕೆಯ ಬಹುಭಾಗ ಕುಂಚದ ಜೊತೆಗೇ ಹೋಯಿತು.

ಈಗ ಆ ಕೊರತೆ ಬೀದಿಯಲ್ಲೇ ಕಾಣುತ್ತಿದೆ. ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡವಿರಬೇಕು, ಅದು ಮೇಲುಗಡೆ ಇರಬೇಕು ಎಂದು 2024ರಲ್ಲಿ ಕರ್ನಾಟಕದ ಕಾಯ್ದೆ ತಿದ್ದುಪಡಿಯಾದ ಮೇಲೆ ಪ್ರತಿಯೊಂದು ಬ್ರ್ಯಾಂಡಿಗೂ ತನ್ನ ಹೆಸರು ಕನ್ನಡದಲ್ಲಿ ಬೇಕಾಯಿತು. ಕಾಯ್ದೆ ಅಳತೆ ಹೇಳಬಲ್ಲದು, ಅಕ್ಷರ ಹೇಗಿರಬೇಕೆಂದು ಹೇಳಲಾರದು. ಹೀಗಾಗಿ ಕೆಳಗೆ ವರ್ಷಗಟ್ಟಲೆ ತಿದ್ದಿದ ರೋಮನ್ ಬರಹ, ಮೇಲೆ ಹತ್ತು ನಿಮಿಷದಲ್ಲಿ ಟೈಪಿಸಿದ ಕನ್ನಡ ಎಂಬಂಥ ಬೋರ್ಡುಗಳು ಹೆಚ್ಚಾಗಿವೆ. ಕನ್ನಡ ಲಿಪಿಯೇ ಲೋಗೊಗೆ ಒಗ್ಗದು, ತಲೆಕಟ್ಟು ಮತ್ತು ಒತ್ತಕ್ಷರಗಳ ಭಾರದಲ್ಲಿ ಅದು ಚೌಕಟ್ಟಿಗೆ ಕೂರುವುದಿಲ್ಲ ಎಂದು ವಾದಿಸುವವರಿದ್ದಾರೆ. ರೋಮನ್ ದೊಡ್ಡಕ್ಷರಗಳು ಎರಡು ಗೆರೆಗಳ ನಡುವೆ ನಿಲ್ಲುತ್ತವೆ, ಕನ್ನಡಕ್ಕೆ ಮೇಲೆ ಗುಣಿತಕ್ಕೆ, ಕೆಳಗೆ ಒತ್ತಿಗೆ ಜಾಗ ಬೇಕು, ನಿಜ. ರೋಮನ್ ಹೆಸರಿಗೆ ಹೊಲಿದ ಚೌಕಟ್ಟಿನಲ್ಲಿ ಅದನ್ನು ತುರುಕಿದರೆ ಅಕ್ಷರದ ಒಡಲು ಕುಗ್ಗುತ್ತದೆ. ಇನ್ನೂ ಒಂದಿದೆ. ತಾಳೆಗರಿಯ ಮೇಲೆ ಕಂಟದಿಂದ ಕೊರೆದು ದುಂಡಗಾದ ಲಿಪಿ ನಮ್ಮದು. ಒತ್ತಿದಾಗ ಅರಳಿ ಬಿಟ್ಟಾಗ ಮುದುಡುವ ನಿಬ್ಬಿನ ದಪ್ಪ-ತೆಳುವನ್ನು ಹಾಗೇ ಎತ್ತಿ ತಂದರೆ ಅದು ಮೈಗೆ ಹತ್ತುವುದಿಲ್ಲ. ಆದರೆ ಇವೆಲ್ಲ ಹೇಳುವುದು ಇಷ್ಟೇ: ಇಂಗ್ಲಿಷ್ ಲೋಗೊವನ್ನು ಕನ್ನಡಕ್ಕೆ ನಕಲು ಮಾಡಲಾಗುವುದಿಲ್ಲ, ಕನ್ನಡದ ತೊಡಕನ್ನು ಕನ್ನಡದಲ್ಲೇ ಬಿಡಿಸಬೇಕು. ಐ, ಬಿ, ಎಂ ಎಂದು ಕನ್ನಡದಲ್ಲಿ ಬರೆದು ನೋಡಿದರೆ ರ‍್ಯಾಂಡ್‌ಗೆ ಎದುರಾದ ಅಗಲದ ಏರಿಕೆ ಅಲ್ಲಿಲ್ಲ, ಮೂರೂ ಹೆಚ್ಚುಕಡಿಮೆ ದುಂಡು, ಪಟ್ಟೆಗಳಿಗೆ ಅಲ್ಲಿ ಮಾಡಲು ಕೆಲಸವಿಲ್ಲ. ಬದಲಿಗೆ ಕೊನೆಯ ಸೊನ್ನೆಯನ್ನು ಏನು ಮಾಡುವುದು ಎಂಬ ಬೇರೆಯೇ ಪ್ರಶ್ನೆ ಏಳುತ್ತದೆ. ಫೆಡ್‌ಎಕ್ಸ್ ಹೆಸರಿನ ಬಾಣ ಕನ್ನಡದಲ್ಲಿ ಮಾಯ, ಅಲ್ಲಿ ಕೈಗೆ ಸಿಗುವುದು ‘ಕ್ಸ್’ ಎಂಬುದರ ಒತ್ತು. ಇನ್ನು ಕೋಕಾ-ಕೋಲಾ. ಕನ್ನಡದಲ್ಲಿ ಅದು ನಾಲ್ಕೇ ಅಕ್ಷರ, ನಾಲ್ಕರಲ್ಲಿ ಮೂರು ಕಕಾರ, ಒಂದು ಬಿಟ್ಟು ಒಂದಕ್ಕೆ ಓತ್ವದ ಕೊಂಬಿನಿಳಿ ಮತ್ತು ದೀರ್ಘ, ಉಳಿದೆರಡಕ್ಕೆ ಇಳಿ. ರಾಬಿನ್ಸನ್ ಬಯಸಿದ ಜೋಡಿ ‘ಸಿ’ಗಳಿಗಿಂತ ಬಿಗಿಯಾದ ಪ್ರಾಸ ಈ ಅಕ್ಷರಗಳಲ್ಲೇ ಕೂತಿದೆ. ಮೊದಲ ‘ಕೋ’ದ ದೀರ್ಘವನ್ನು ಪಕ್ಕದ ಕಕಾರದ ಅಡಿಗೆ ಚಾಚಬಹುದು, ಎರಡನೆಯದನ್ನು ಲಕಾರದ ಮೇಲಕ್ಕೆ ಹಾಯಿಸಬಹುದು, ಎರಡು ಇಳಿಗಳನ್ನು ಒಂದೇ ಬಾಗಿಗೆ ತರಬಹುದು. ಇದರಲ್ಲಿ ಯಾವುದು ಸರಿಯೆಂಬುದು ಹತ್ತು ಟ್ರೇಸಿಂಗ್ ಹಾಳೆ ಬರೆದವರಿಗೆ ಗೊತ್ತಾಗುತ್ತದೆ.